ಕಾಫಿಯ ಮಲೆಗಳಲ್ಲಿ ದುಡಿಮೆಯ ದಾರಿ

೧

ಕಡೂರಿನ ಬಯಲಿನಿಂದ ಪಡುವಣಕ್ಕೆ ಹೊರಟವನು ಒಂದು ದಿನದ ಪಯಣದಲ್ಲಿಯೇ ಎರಡು ನಾಡುಗಳನ್ನು ಕಾಣುವನು. ಕಡೂರಿನ ಸುತ್ತಲಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ಚಿಕ್ಕಮಗಳೂರನ್ನು ಹಿಂದಿಕ್ಕಿ ಮೂಡಿಗೆರೆಯ ಸೀಮೆಯನ್ನು ಹೊಕ್ಕರೆ ಅದು ೨೦೦೦ವನ್ನು ಮೀರುವುದು. ಕಳಸವನ್ನು ದಾಟಿ ಕುದುರೆಮುಖದ ಸೆರಗಿಗೆ ಹೋದರೆ ೬೦೦೦ವನ್ನೂ ಮೀರಿದ ವರ್ಷಗಳುಂಟು. ಮೃಗಶಿರೆಯಲ್ಲಿ ಹಿಡಿದ ಮಳೆ ಆರಿದ್ರೆಯಲ್ಲಿ ಬಲಿತು, ಪುನರ್ವಸು ಪುಷ್ಯಗಳಲ್ಲಿ ಹಗಲಿರುಳೆನ್ನದೆ ಸುರಿದು, ಆಶ್ಲೇಷೆ ಮಘೆಗಳವರೆಗೂ ಸೀಮೆಯನ್ನು ಬಿಟ್ಟುಕೊಡುವುದಿಲ್ಲ. ಈ ತಿಂಗಳುಗಳಲ್ಲಿಯೂ ಮನುಷ್ಯರು ಕೆಲಸಕ್ಕೆ ಹೋಗಲೇಬೇಕು. ತೋಟದ ಆಳು, ಶಾಲೆಯ ಉಪಾಧ್ಯಾಯ, ಆಸ್ಪತ್ರೆಯ ದಾದಿ, ಅಂಚೆಯವನು, ಮುರಿದ ತಂತಿಯನ್ನು ಕಟ್ಟುವ ಲೈನ್‌ಮನ್, ಇವರ ಕೆಲಸವು ಮಳೆ ಬಿಡಲೆಂದು ಕಾಯತಕ್ಕದ್ದಲ್ಲ.

ಕಾಫಿಯ ಚರಿತ್ರೆಯನ್ನು ಬರೆದವರು ಬೀಜದ ವಿಷಯವನ್ನೂ ಬೆಲೆಯ ವಿಷಯವನ್ನೂ ಗಿಡದ ರೋಗಗಳನ್ನೂ ದೊರೆಗಳ ಬೇಟೆಯನ್ನೂ ವಿಸ್ತಾರವಾಗಿ ಹೇಳಿದ್ದಾರೆ. ಮಂಜರಾಬಾದಿನ ತೋಟಗಾರನಾಗಿದ್ದ ರಾಬರ್ಟ್ ಎಲಿಯಟ್ ಎಂಬಾತನಂತೂ ೧೮೯೪ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಈ ಮೂರನ್ನೂ ಕೂಡಿಸಿದನು. ಆದರೆ ಆ ಕಾಫಿಯನ್ನು ಬೆಳೆಸಿದ ಮನುಷ್ಯನು ಬೆಳಗ್ಗೆ ಮನೆಯಿಂದ ಹೇಗೆ ಹೊರಟನು, ಸಂಜೆ ಹೇಗೆ ಹಿಂದಿರುಗಿದನು ಎಂಬುದಕ್ಕೆ ಅಂಥ ಚರಿತ್ರೆಗಳಲ್ಲಿ ದೊರೆತಿರುವ ಎಡೆ ಬಲು ಸ್ವಲ್ಪ. ಈಚಿನ ವರ್ಷಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಬೈಕುಗಳೂ ಸ್ಕೂಟರುಗಳೂ ಬೈಸಿಕಲ್ಲುಗಳೂ ಈ ಮಲೆಗಳ ಏರುಗಳಲ್ಲಿ ಕಾಣಿಸಿಕೊಳ್ಳತೊಡಗಿರುವುದರಿಂದ ಆ ಪ್ರಶ್ನೆ ಮತ್ತೆ ಮುಂದೆ ಬಂದಿದೆ. ಹೊಸ ವಾಹನದ ಯೋಗ್ಯತೆಯನ್ನು ಅಳೆಯಬೇಕಾದರೆ ಹಿಂದಿನವು ಎಲ್ಲಿ ಗೆದ್ದವು, ಎಲ್ಲಿ ಸೋತವು ಎಂಬುದನ್ನು ಮೊದಲು ನೋಡುವುದು ಯುಕ್ತ.

೨

ಬಂಡಿಯ ದಾರಿಗಳು ಆಗುವುದಕ್ಕೆ ಮುಂಚೆ ಮಲೆನಾಡಿನ ಸರಕೆಲ್ಲವೂ ಎತ್ತಿನ ಬೆನ್ನಿನ ಮೇಲೆ ಸಾಗುತ್ತಿತ್ತು. ಕರಾವಳಿಯ ಉಪ್ಪು ಘಟ್ಟವನ್ನು ಹತ್ತಿ ಬರುತ್ತಿತ್ತು. ಮೇಲಿನ ಅಕ್ಕಿ, ಅಡಕೆ, ಏಲಕ್ಕಿ, ಮೆಣಸುಗಳು ಇಳಿದು ಹೋಗುತ್ತಿದ್ದುವು. ಈ ಹೇರೆತ್ತುಗಳ ವ್ಯಾಪಾರವು ಬೇಸಗೆಯದು. ಮಳೆ ಹಿಡಿಯಿತೆಂದರೆ ಹಳ್ಳಗಳು ತುಂಬಿ, ಕಾಡಿನ ದಾರಿಗಳು ಕೆಸರಾಗಿ, ಸರಕಿನ ಸಾಗಣೆ ನಿಂತೇ ಹೋಗುತ್ತಿತ್ತು. ಮಳೆಗಾಲಕ್ಕೆ ಬೇಕಾದ ಉಪ್ಪು, ಒಣಮೆಣಸಿನಕಾಯಿ, ಸೌದೆಗಳನ್ನು ಬೇಸಗೆಯಲ್ಲಿಯೇ ಕೂಡಿಡುವ ಮಲೆನಾಡಿನ ಮನೆವಾರ್ತೆಯು ಈ ನಿಲುಗಡೆಯಿಂದ ಹುಟ್ಟಿದ ವಿವೇಕವಾಗಿದೆ.

ಸರಕು ನಿಂತರೂ ಮನುಷ್ಯನ ನಡಿಗೆ ನಿಲ್ಲುತ್ತಿರಲಿಲ್ಲ. ಸಸಿ ನೆಡುವ ಹೆಂಗಸರು ಬಿದಿರಿನ ಹಂದರಕ್ಕೆ ಎಲೆ ಹೊದಿಸಿ ಮಾಡಿದ ಗೊರಬನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಗದ್ದೆಗೆ ಇಳಿಯುತ್ತಿದ್ದರು. ಗಂಡಸರು ಕಂಬಳಿಯನ್ನು ಮಡಿಸಿ ಕೊಪ್ಪೆಯಾಗಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದರು. ಕುರಿಯ ಉಣ್ಣೆಯ ಕಂಬಳಿ ನೀರು ಕುಡಿದು ಭಾರವಾದರೂ ಮೈಯ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಹಳ್ಳವನ್ನು ದಾಟುವುದಕ್ಕೆ ಒಂದೆರಡು ಮರದ ದಿಮ್ಮಿಗಳ ಕಾಲುಸಂಕ. ಇಂಬಳಗಳಿಗೆ ಸುಣ್ಣವೋ ಹೊಗೆಸೊಪ್ಪೋ. ಮಲೆನಾಡಿನ ಮನುಷ್ಯನು ಮಳೆಗಾಲದಲ್ಲಿ ಕೆಲಸಕ್ಕೆ ಹೋಗುವುದಕ್ಕೆ ಕಂಡುಕೊಂಡ ಮೊದಲ ಸಲಕರಣೆಗಳು ಇವು.

ನಿತ್ಯವೂ ದಾರಿಯನ್ನೇ ಕೆಲಸವಾಗಿ ಮಾಡಿಕೊಂಡಿದ್ದವನೆಂದರೆ ಅಂಚೆಯ ಓಟಗಾರನು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರಿನ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು, ಚೀಲವನ್ನು ಹೊತ್ತು, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡುತ್ತಿದ್ದ ಈ ಹರಿಕಾರನ ಗೆಜ್ಜೆಯ ಸದ್ದು ಜನರಿಗೆ ಕಾಗದ ಬಂದಿತೆಂಬ ಸೂಚನೆಯಾಗಿದ್ದಂತೆ ಕಾಡುಮೃಗಗಳಿಗೆ ಮನುಷ್ಯನು ಬರುತ್ತಿರುವನೆಂಬ ಎಚ್ಚರಿಕೆಯೂ ಆಗಿದ್ದಿತು. ಈ ಸದ್ದಿನ ಮಾತು ಮುಂದೆ ಮತ್ತೊಮ್ಮೆ ಬರುವುದು.

೩

ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ಈ ಜಿಲ್ಲೆಯಲ್ಲಿ ಮನೆಮಾತು. ಹಿತ್ತಿಲಿನ ಗಿಡವಾಗಿದ್ದ ಕಾಫಿಯು ಬಂಡವಾಳದ ಬೆಳೆಯಾದದ್ದು ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲೀಷನು ಬಾಬಾ ಬುಡನ್ ಗಿರಿಯ ತೆಂಕಣದ ಎತ್ತರದಲ್ಲಿ ತೋಟವನ್ನು ಹಾಕಿದ ಮೇಲೆ. ೧೮೩೪ರಿಂದ ೧೮೬೧ರವರೆಗೆ ಮೈಸೂರು ಸಂಸ್ಥಾನದ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ರಸ್ತೆಗಳೂ ಸೇತುವೆಗಳೂ ಹೇರಳವಾಗಿ ಆದುವು. ಕರಾವಳಿಯ ಬಂದರುಗಳಿಗೆ ಇಳಿಯುವ ಘಟ್ಟದ ದಾರಿಗಳು ಬಂಡಿಗೆ ಅನುಕೂಲವಾದುವು. ಆಗ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಈ ಪ್ರಾಂತಕ್ಕೆ ೧೮೬೫ರಲ್ಲಿ ಚಿಕ್ಕಮಗಳೂರು ಮುಖ್ಯಸ್ಥಳವಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ರಸ್ತೆಗಳು ಸರಕಿಗಾಗಿ ಆದುವು. ಮೂಟೆಗಳು ಕಣದಿಂದ ಮಂಗಳೂರಿನ ಕಾಫಿ ಹಸನುಮಾಡುವ ಕಾರ್ಖಾನೆಗಳಿಗೆ ಯಾವ ಕಡೆಯಿಂದ ಸುಲಭವಾಗಿ ಹೋಗುವುವೋ ಆ ಕಡೆಗೆ ದಾರಿ ಹರಿಯಿತು. ಕಾಫಿಯ ಕೊಯ್ಲು ಕಾರ್ತಿಕದಿಂದ ಮಾಘದವರೆಗೆ ನಡೆಯುವುದರಿಂದ ಮೂಟೆಯ ಸಾಗಣೆಗೆ ಒಣಗಾಲದ ದಾರಿ ಸಾಕಾಗಿತ್ತು. ಆಷಾಢದಲ್ಲಿ ನಡೆಯುವವನಿಗೆ ಅದು ಸಾಲದು. ರೈಲಿನ ಸಂಗತಿಯೂ ಹೀಗೆಯೇ. ೧೮೮೯ರಲ್ಲಿ ಹರಿಹರದವರೆಗೆ ಹೋದ ರೈಲುದಾರಿಯು ಕಡೂರನ್ನು ಮುಟ್ಟಿತು. ಅಲ್ಲಿಂದ ಸುಮಾರು ೪೫ ಕಿಲೋಮೀಟರು ದೂರವಿರುವ ಚಿಕ್ಕಮಗಳೂರಿಗೆ ಅದು ಬಂದದ್ದು ೨೦೧೩ರ ನವೆಂಬರಿನಲ್ಲಿ. ನಡುವೆ ಸಂದ ಕಾಲ ೧೨೪ ವರ್ಷ. ಮೂಡಿಗೆರೆ ಕಳಸಗಳಿಗೆ ರೈಲೇ ಇಲ್ಲ.

ದೊರೆಯು ಕುದುರೆಯ ಮೇಲೆ ತೋಟವನ್ನು ಸುತ್ತಿದನು. ಆಳು ನಡೆದನು. ಘಟ್ಟದ ಕೆಳಗಣ ತುಳುನಾಡಿನಿಂದಲೂ, ಬಯಲುಸೀಮೆಯಿಂದಲೂ, ತಮಿಳುನಾಡಿನಿಂದಲೂ ಮೇಸ್ತ್ರಿಗಳು ಮುಂಗಡ ಹಣವನ್ನು ಕೊಟ್ಟು ಜನರನ್ನು ಕೂಡಿಸಿ ಕರೆತರುತ್ತಿದ್ದರು. ಮಡಕೆ ಚಾಪೆ ಮಕ್ಕಳುಗಳೊಡನೆ ದಿನಗಟ್ಟಲೆ ನಡೆದು ಬಂದ ಈ ಜನರಿಗೆ ತೋಟದೊಳಗೇ ಸಾಲುಮನೆಗಳನ್ನು ಕಟ್ಟಿದರು, ಅವೇ ಲೈನುಗಳು. ೧೯೫೧ರ ತೋಟಗಾರಿಕೆ ಕಾರ್ಮಿಕರ ಕಾಯಿದೆಯು ಆಳುಗಳಿಗೆ ವಸತಿಯನ್ನು ಒದಗಿಸುವುದು ತೋಟದ ಒಡೆಯರ ಕರ್ತವ್ಯವೆಂದು ವಿಧಿಸಿತು. ಮನೆ ತೋಟದಲ್ಲಿಯೇ ಇದ್ದುದರಿಂದ ಕೆಲಸದ ದಾರಿ ಕೂಗಳತೆಯದಾಗಿತ್ತು. ಆದರೆ ಆ ಅನುಕೂಲಕ್ಕೆ ತೆತ್ತ ಬೆಲೆಯೂ ಇದ್ದಿತು. ಕೆಲಸವನ್ನು ಬಿಟ್ಟವನು ಮನೆಯನ್ನೂ ಬಿಡಬೇಕಾಗಿತ್ತು. ಕಾಲಕ್ರಮದಲ್ಲಿ ಅನೇಕ ಸಂಸಾರಗಳು ಊರಿನ ಅಂಚಿನಲ್ಲಿ ನಿವೇಶನವನ್ನು ಸಂಪಾದಿಸಿಕೊಂಡು ಸ್ವಂತದ ಗುಡಿಸಲನ್ನೋ ಹೆಂಚಿನ ಮನೆಯನ್ನೋ ಕಟ್ಟಿಕೊಂಡುವು. ಆಗ ಮನೆಗೂ ಕೆಲಸಕ್ಕೂ ನಡುವೆ ಮೈಲಿಗಳು ಬಂದುವು. ಮಲೆನಾಡಿನ ಬಡವನಿಗೆ ದೂರವೆಂಬುದು ಸ್ವಾತಂತ್ರ್ಯದ ಜೊತೆಯಲ್ಲಿಯೇ ಬಂದ ಹೊರೆ ಎನ್ನಬಹುದು.

೪

ಬಯಲುಸೀಮೆಯಲ್ಲಿ ಆ ಮೈಲಿಗಳನ್ನು ನುಂಗಿದ ವಾಹನ ಬೈಸಿಕಲ್ಲು. ಮಲೆನಾಡಿನಲ್ಲಿ ಅದು ಸೋತಿತು. ಸೋತದ್ದು ಏಕೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಸವಾರನೂ ಬೈಸಿಕಲ್ಲೂ ಬುತ್ತಿಯ ಗಂಟೂ ಸೇರಿ ೧೦೦ ಕಿಲೋ ತೂಕವೆಂದಿಟ್ಟುಕೊಳ್ಳೋಣ. ಹದಿನೈದಕ್ಕೆ ಒಂದರಂತೆ ಏರುವ ದಾರಿಯಲ್ಲಿ ಗಂಟೆಗೆ ೧೦ ಕಿಲೋಮೀಟರಿನ ವೇಗದಿಂದ ಹೋಗಬೇಕಾದರೆ ಸುಮಾರು ೨೦೦ ವಾಟಿನ ಶಕ್ತಿ ಬೇಕು. ಸಾಮಾನ್ಯನಾದ ಮನುಷ್ಯನು ಬಹಳ ಹೊತ್ತು ದಣಿಯದೆ ಕೊಡಬಲ್ಲ ಶಕ್ತಿ ೭೫ರಿಂದ ೧೦೦ ವಾಟು. ಆದುದರಿಂದ ಬೈಸಿಕಲ್ಲಿನ ಮೇಲೆ ಕುಳಿತು ಶ್ರಮಪಟ್ಟರೂ ಅವನಿಗೆ ದೊರೆಯುವುದು ನಡೆಯುವವನ ವೇಗವೇ. ಇಳಿಜಾರಿನಲ್ಲಿ ಹತ್ತುವುದು, ಏರಿನಲ್ಲಿ ನೂಕುವುದು, ಇದೇ ಮಲೆನಾಡಿನ ಬೈಸಿಕಲ್ ಸವಾರಿಯಾಯಿತು. ಮಳೆಯಲ್ಲಿ ಬ್ರೇಕಿನ ರಬ್ಬರು ಚಕ್ರದ ಒದ್ದೆಯಾದ ಕಬ್ಬಿಣವನ್ನು ಹಿಡಿಯದೆ ಜಾರುವುದರಿಂದ ಇಳಿಜಾರಿನ ಸುಖವೂ ಉಳಿಯಲಿಲ್ಲ.

ಬಡವನಿಗೆ ನಿಜವಾಗಿ ಒದಗಿಬಂದ ವಾಹನವೆಂದರೆ ಬಸ್ಸು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಪಡಿತರವಾದಾಗ ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡು ಇದ್ದಿಲಿನ ಅನಿಲದಿಂದ ಓಡಿದುವು. ದೂರದ ದೇಶದ ಎಣ್ಣೆ ಬಾರದಿದ್ದಾಗ ಹತ್ತಿರದ ಕಾಡಿನ ಸೌದೆ ಕೈಹಿಡಿಯಿತು. ಆ ಬಸ್ಸುಗಳು ಏರಿನಲ್ಲಿ ದಣಿದು ನಿಲ್ಲುತ್ತಿದ್ದುವು, ಪ್ರಯಾಣಿಕರು ಇಳಿದು ನೂಕುತ್ತಿದ್ದರು. ಆದರೂ ಕೆಲಸದ ದಾರಿ ಕಡಿದುಹೋಗಲಿಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವು ೧೨೦ ಬಸ್ಸುಗಳಿಂದ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಮಲೆನಾಡಿನ ಒಳದಾರಿಗಳಲ್ಲಿ ಮಾತ್ರ ಬಹುಕಾಲ ಖಾಸಗಿಯವರ ಬಸ್ಸುಗಳೇ ಗತಿಯಾಗಿದ್ದುವು.

ಈ ಬಸ್ಸುಗಳ ಚರಿತ್ರೆಯಲ್ಲಿ ಕೊಪ್ಪದ ಸಹಕಾರ ಸಾರಿಗೆಯ ಹೆಸರು ಸ್ಮರಣೀಯ. ತಾವು ದುಡಿಯುತ್ತಿದ್ದ ಖಾಸಗಿ ಸಂಸ್ಥೆಯು ಮುಚ್ಚಿದಾಗ ಅದರ ಕಾರ್ಮಿಕರು ಬೀದಿಪಾಲಾಗದೆ, ೧೯೯೧ರಲ್ಲಿ ತಾವೇ ಸಹಕಾರ ಸಂಘವನ್ನು ಕಟ್ಟಿ ಕೆಲವೇ ಬಸ್ಸುಗಳಿಂದ ಸಾರಿಗೆಯನ್ನು ಹೂಡಿದರು. ಚಾಲಕನೂ ನಿರ್ವಾಹಕನೂ ಸಂಸ್ಥೆಯ ಒಡೆಯರೇ ಆಗಿದ್ದ ಈ ಪ್ರಯೋಗವು ಬೆಳೆದು ಹತ್ತಾರು ಬಸ್ಸುಗಳ ಸಂಸ್ಥೆಯಾಗಿ, ಬೇರೆಯವರು ಹೋಗಲೊಲ್ಲದ ಹಳ್ಳಿಗಳಿಗೂ ಹೋಗಿ, ಮೂರು ದಶಕಗಳಿಗೆ ಸಮೀಪವಾಗಿ ಬಾಳಿತು. ಖರ್ಚು ವರಮಾನವನ್ನು ಮೀರಲು ೨೦೨೦ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತುವು. ಮುಂದಿನ ತಿಂಗಳೇ ಮಹಾಮಾರಿಯ ಕಾರಣ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ೨೦೨೩ರ ಜೂನಿನಲ್ಲಿ ಕರ್ನಾಟಕ ಸರ್ಕಾರವು ತನ್ನ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತಷ್ಟೆ. ಸರ್ಕಾರದ ಬಸ್ಸೇ ಬಾರದ ಊರಿನ ಹೆಂಗಸಿಗೆ ಆ ಉಪಕಾರವು ರಸ್ತೆಯ ಕೊನೆಯಲ್ಲಿಯೇ ನಿಂತಿತು.

೫

ಬಸ್ಸು ತಲುಪದಲ್ಲಿಗೆ ತಲುಪಿದ ಯಂತ್ರಗಳ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಯುದ್ಧದ ಅನಂತರ ಬಂದ ಜೀಪು ತೋಟದ ಒಡೆಯನ ಕುದುರೆಯ ಸ್ಥಾನವನ್ನು ಪಡೆಯಿತು. ಮುಂದೆ ಅದೇ ಜೀಪು ಆಳುಗಳನ್ನು ತುಂಬಿಕೊಂಡು ಬೆಳಗಿನಲ್ಲಿ ಹಳ್ಳಿಯಿಂದ ತೋಟಕ್ಕೆ ಹೋಗುವ ಬಾಡಿಗೆಯ ಬಂಡಿಯೂ ಆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಮೋಟಾರ್ ಸೈಕಲ್ಲುಗಳು ಏರಿಗೆ ಹೆಸರಾದುವು. ೧೯೮೦ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ ೫೦ ಎಂಬ ಚಿಕ್ಕ ಗಾಡಿಯೂ ಅದರ ವಂಶದವೂ ಗೊಬ್ಬರದ ಮೂಟೆಗೂ ಹಾಲಿನ ಕ್ಯಾನಿಗೂ ಮೇಸ್ತ್ರಿಗೂ ಸಮಾನವಾಗಿ ಬೆನ್ನು ಕೊಟ್ಟುವು. ಮೂಡಿಗೆರೆಯ ತೋಟದಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಸ್ಕೂಟರ್ ಸವಾರಿಯು ಕನ್ನಡದ ವಾಚಕರಿಗೆ ಅಪರಿಚಿತವಲ್ಲ.

ದಾರಿಗಳ ಪೈಕಿ ಈ ಕಾಲದ ದೊಡ್ಡ ಸಂಗತಿಯೆಂದರೆ ಕುದುರೆಮುಖದ ಕಬ್ಬಿಣದ ಗಣಿ. ೧೯೭೬ರಲ್ಲಿ ಸ್ಥಾಪಿತವಾದ ಸಂಸ್ಥೆಯು ಗಣಿಯ ಕೆಲಸವನ್ನು ೨೦೦೫ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ನಿಲ್ಲಿಸಿತು. ಗಣಿಯ ದೆಸೆಯಿಂದ ಕಳಸದ ಸೀಮೆಗೆ ಕಾರ್ಕಳದ ಕಡೆಯಿಂದ ಒಳ್ಳೆಯ ರಸ್ತೆಯಾಯಿತು. ಗಣಿ ಹೋದ ಮೇಲೆ ರಸ್ತೆ ಉಳಿಯಿತು. ಕಾಫಿಯ ಮೂಟೆಗೆ ಆದ ದಾರಿಯಲ್ಲಿ ಹೇಗೋ ಅದಿರಿಗಾಗಿ ಆದ ದಾರಿಯಲ್ಲಿಯೂ ಹಾಗೆಯೇ ಜನರು ಸರಕಿನ ಹಿಂದೆ ನಡೆದರು.

ಪೆಟ್ರೋಲಿನ ಗಾಡಿಗಳು ಏರನ್ನು ಗೆದ್ದುವು, ಬೆಲೆಯನ್ನು ಗೆಲ್ಲಲಾರದಾದುವು. ೨೦೨೧ರಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಯನ್ನು ದಾಟಿತು. ಎಣ್ಣೆಯ ಅಂಗಡಿ ಪೇಟೆಯಲ್ಲಿ, ಕೆಲಸ ಕಾಡಿನ ನಡುವೆ. ದಿನಗೂಲಿಯ ಒಂದು ಪಾಲು ದಾರಿಗೇ ಸಲ್ಲತೊಡಗಿತು. ವಿದ್ಯುತ್ತಿನ ವಾಹನವು ಈ ಮಲೆಗಳಿಗೆ ಬಂದದ್ದು ಇಂಥ ಸಮಯದಲ್ಲಿ.

೬

ವಿದ್ಯುತ್ತಿನ ಬೈಸಿಕಲ್ಲು ಹೊಸ ಕಲ್ಪನೆಯಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತನು ಹಿಂದಿನ ಚಕ್ರದ ಗುಂಬದಲ್ಲಿಯೇ ಮೋಟಾರನ್ನು ಅಡಗಿಸಿದ ಬೈಸಿಕಲ್ಲಿಗೆ ೧೮೯೫ರ ಡಿಸೆಂಬರ್ ೩೧ರಂದು ಹಕ್ಕುಪತ್ರವನ್ನು ಪಡೆದನು. ಆಗ ಇಲ್ಲದೆ ಇದ್ದದ್ದು ಹಗುರವಾದ ಬ್ಯಾಟರಿ. ಸೀಸದ ಬ್ಯಾಟರಿಯ ಭಾರವನ್ನು ಹೊತ್ತು ಗುಡ್ಡ ಹತ್ತುವುದೆಂದರೆ ಹೇರನ್ನು ಹೊರುವುದಕ್ಕಾಗಿಯೇ ಎತ್ತನ್ನು ಸಾಕಿದಂತೆ. ೧೯೯೧ರಲ್ಲಿ ಪೇಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯು ಆ ತೊಡಕನ್ನು ಬಿಡಿಸಿತು. ಅದರ ಮೂಲವಾದ ಸಂಶೋಧನೆಗೆ ೨೦೧೯ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಹುಮಾನ ಬಂದಿತು.

ಕರ್ನಾಟಕಕ್ಕೆ ವಿದ್ಯುತ್ತಿನ ವಿಷಯದಲ್ಲಿ ಹಿರಿಮೆಯುಂಟು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಶಕ್ತಿಯು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಇಲ್ಲಿಯೂ ಶಕ್ತಿಯು ಮೊದಲು ಹೋದದ್ದು ಗಣಿಗೆ. ವಿದ್ಯುದ್ವಾಹನಗಳಲ್ಲಿಯೂ ಈ ನಾಡು ಮುಂದಾಯಿತು. ೨೦೦೧ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗೆ ಇಳಿಯಿತು. ೨೦೧೩ರಲ್ಲಿ ಸ್ಥಾಪಿತವಾದ ಏಥರ್ ಸಂಸ್ಥೆಯ ಸ್ಕೂಟರು ೨೦೧೮ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ವಿದ್ಯುದ್ವಾಹನಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಈ ಗಾಡಿಗಳೆಲ್ಲವೂ ಬೆಂಗಳೂರಿನ ಸಮವಾದ ಬೀದಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದುವು. ಮಲೆನಾಡಿನ ಪರೀಕ್ಷೆ ಬೇರೆಯೇ ಆಗಿದೆ.

ದೇಶದ ಕಾನೂನಿನ ಪ್ರಕಾರ ೨೫೦ ವಾಟನ್ನೂ ಗಂಟೆಗೆ ೨೫ ಕಿಲೋಮೀಟರನ್ನೂ ಮೀರದ ಹಗುರವಾದ ವಿದ್ಯುದ್ಬೈಸಿಕಲ್ಲಿಗೆ ಲೈಸೆನ್ಸು ಬೇಡ, ನೋಂದಣಿಯೂ ಬೇಡ. ಮೇಲೆ ಹೇಳಿದ ಏರಿನ ಲೆಕ್ಕವನ್ನು ಇಲ್ಲಿ ನೆನೆಯಬೇಕು. ೧೦೦ ಕಿಲೋ ಭಾರವನ್ನು ಹದಿನೈದಕ್ಕೆ ಒಂದರ ಏರಿನಲ್ಲಿ ಹತ್ತಿಸಲು ಬೇಕಾದ ೨೦೦ ವಾಟು ಈ ಮೋಟಾರಿನಲ್ಲಿ ಅಡಗಿದೆ. ಎರಡು ಮೂರು ಜನರ ಕಾಲಿನ ಬಲವು ಚಕ್ರದ ಗುಂಬದಲ್ಲಿ ಕುಳಿತಿದೆಯೆಂದು ಹೇಳಬಹುದು. ಬೈಸಿಕಲ್ಲು ಈ ಮಲೆಗಳಲ್ಲಿ ಸೋತದ್ದು ಯಾವ ಕಾರಣದಿಂದಲೋ ಆ ಕಾರಣವೇ ಇಲ್ಲಿ ಇಲ್ಲವಾಗಿದೆ.

೭

ಇನ್ನು ಇಳಿಜಾರಿನ ಮಾತು. ಚಿಕ್ಕಮಗಳೂರು ಪಟ್ಟಣವು ಸಮುದ್ರಮಟ್ಟದಿಂದ ಸುಮಾರು ೧೦೯೦ ಮೀಟರು ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿ ೧೯೩೦ ಮೀಟರು. ಗಾಡಿಯೂ ಸವಾರನೂ ಸೇರಿ ೧೮೦ ಕಿಲೋ ತೂಗುವ ವಿದ್ಯುತ್ ಸ್ಕೂಟರು ಈ ೮೪೦ ಮೀಟರನ್ನು ಏರುವುದಕ್ಕೆ ಎತ್ತರದ ಲೆಕ್ಕದಲ್ಲಿಯೇ ಸುಮಾರು ೦.೪ ಯೂನಿಟ್ಟು ಶಕ್ತಿ ಬೇಕು. ಯಂತ್ರದಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಅರ್ಧ ಯೂನಿಟ್ಟು. ಸಾಮಾನ್ಯವಾದ ಸ್ಕೂಟರಿನ ಬ್ಯಾಟರಿ ಮೂರು ಯೂನಿಟ್ಟಿನಷ್ಟಿರುವುದರಿಂದ ಆರರಲ್ಲೊಂದು ಪಾಲು ಏರಿಗೇ ಸಲ್ಲುವುದು. ಇಳಿಯುವಾಗ ಮೋಟಾರೇ ಬ್ರೇಕಾಗಿ ಗಾಡಿಯನ್ನು ತಡೆದು, ಕಳೆದ ಶಕ್ತಿಯಲ್ಲಿ ಸ್ವಲ್ಪವನ್ನು ಬ್ಯಾಟರಿಗೆ ಹಿಂದಿರುಗಿಸುವುದು ಇಂಥ ಅನೇಕ ಗಾಡಿಗಳ ಒಂದು ಗುಣ.

ಈ ಗುಣಕ್ಕೆ ಮಲೆನಾಡಿನಲ್ಲಿ ಒಂದು ವಿಚಿತ್ರವಾದ ತೊಡಕುಂಟು. ಗುಡ್ಡದ ಮೇಲೆ ಮನೆಯಿರುವವನು ರಾತ್ರಿಯೆಲ್ಲ ಬ್ಯಾಟರಿಯನ್ನು ತುಂಬಿಸಿ ಬೆಳಗ್ಗೆ ಕೆಳಗಿನ ಪೇಟೆಗೆ ಇಳಿಯುವನು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸದಂತೆ ತುಂಬಿದ ಬ್ಯಾಟರಿಯು ಇಳಿಜಾರಿನ ಶಕ್ತಿಯನ್ನು ಸ್ವೀಕರಿಸುವುದಿಲ್ಲ. ಆಗ ಮೋಟಾರಿನ ತಡೆಯು ಕುಗ್ಗಿ, ಮಳೆಯಲ್ಲಿ ತೊಯ್ದ ಚಕ್ರದ ಬ್ರೇಕುಗಳ ಮೇಲೆಯೇ ಭಾರವೆಲ್ಲ ಬೀಳುವುದು. ಸಂಜೆ ದಣಿದು ಬರುವಾಗ ಏರು, ಬ್ಯಾಟರಿಯೂ ಬರಿದು. ಆದುದರಿಂದ ಗುಡ್ಡದ ಮೇಲಿನವನು ಬ್ಯಾಟರಿಯನ್ನು ಅಂಚಿನವರೆಗೆ ತುಂಬಿಸದಿರುವುದೂ, ಕೆಲಸದ ಸ್ಥಳದಲ್ಲಿ ಹಗಲು ಒಂದೆರಡು ಗಂಟೆ ತುಂಬಿಸಿಕೊಳ್ಳುವುದೂ ಒಳ್ಳೆಯದು. ಇದಕ್ಕೆ ಶಾಲೆ, ಆಸ್ಪತ್ರೆ, ತೋಟದ ಕಛೇರಿಗಳ ಜಗಲಿಯಲ್ಲಿ ಒಂದೊಂದು ಪ್ಲಗ್ಗು ಇದ್ದರೆ ಸಾಕು.

ನೀರು ಹೊಕ್ಕು ಬ್ಯಾಟರಿ ಕೆಡುವುದೆಂಬ ಭಯವು ಜನರಲ್ಲಿ ಸಹಜವಾಗಿದೆ. ಅನೇಕ ಗಾಡಿಗಳ ಬ್ಯಾಟರಿಗೆ ಐಪಿ ೬೭ ಎಂಬ ಅಂತಸ್ತಿನ ರಕ್ಷಣೆಯುಂಟು; ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಸೇರ ಕೂಡದೆಂಬುದು ಅದರ ಅರ್ಥ. ಬೀಳುವ ಮಳೆಯನ್ನು ತಡೆಯಲು ಇದು ಸಾಕು. ಹರಿಯುವ ಹೊಳೆಯಲ್ಲಿ ಇಳಿಯುವುದಕ್ಕೆ ಇದು ಅಪ್ಪಣೆಯಲ್ಲ. ನೀರಿನ ಸೆಳವು ಯಂತ್ರವನ್ನು ಕೆಡಿಸುವುದಕ್ಕೆ ಮುಂಚೆ ಮನುಷ್ಯನನ್ನು ಒಯ್ಯುವುದು.

ಈ ಗಾಡಿಗೆ ಸದ್ದಿಲ್ಲ. ಪಟ್ಟಣದಲ್ಲಿ ಇದು ಗುಣ. ಆದರೆ ಮೂಡಿಗೆರೆ, ಆಲ್ದೂರುಗಳ ಸುತ್ತಲ ತೋಟಗಳಲ್ಲಿ ಈಚಿನ ದಶಕಗಳಲ್ಲಿ ಕಾಡಾನೆಗಳ ಓಡಾಟ ಹೆಚ್ಚಿ, ಬೆಳಗಿನ ಜಾವ ಕೆಲಸಕ್ಕೆ ಹೊರಟ ಜನರು ಪ್ರಾಣವನ್ನು ಕಳೆದುಕೊಂಡಿದ್ದಾರೆ. ಮಂಜು ಕವಿದ ತಿರುವಿನಲ್ಲಿ ಸದ್ದಿಲ್ಲದೆ ಬಂದ ಗಾಡಿಯು ಆನೆಗೂ ಸವಾರನಿಗೂ ಒಮ್ಮೆಲೇ ಎದುರಾಗುವುದು. ಅಂಚೆಯವನ ಕೋಲಿನ ಗೆಜ್ಜೆಯ ಪ್ರಯೋಜನವು ಇಲ್ಲಿ ಮತ್ತೆ ತಿಳಿಯುವುದು. ತಿರುವು ತಿರುವಿಗೂ ಹಾರ್ನು ಮಾಡುವುದು ಈ ದಾರಿಗಳಲ್ಲಿ ಅವಶ್ಯಕವಾದ ಎಚ್ಚರಿಕೆ.

೮

ಏರು, ಇಳಿಜಾರು, ನೀರು, ಸದ್ದು, ಇವೆಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ಕಳಸದ ಮೇಲೆ ಬಿದ್ದ ಮಳೆ ಭದ್ರೆಯಾಗಿ ಹರಿದು, ಇದೇ ಜಿಲ್ಲೆಯ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿ ಯಂತ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಕೊಡುವುದು. ಮಳೆಯೇ ವಿದ್ಯುತ್ತಿನ ತಾಯಿ. ಅದೇ ಮಳೆ ಗಾಳಿಯೊಡನೆ ಕೂಡಿ ನೆರಳಿನ ಮರವನ್ನು ತಂತಿಯ ಮೇಲೆ ಕೆಡಹುವುದು, ಕಂಬ ಮುರಿಯುವುದು, ಒಳನಾಡಿನ ಮನೆಗಳು ದಿನಗಟ್ಟಲೆ ಕತ್ತಲಲ್ಲಿರುವುವು. ಈ ಜಿಲ್ಲೆಗೆ ವಿದ್ಯುತ್ತನ್ನು ಹಂಚುವ ಮೆಸ್ಕಾಂ ಸಂಸ್ಥೆಯ ಲೈನ್‌ಮನ್ನರು ಪುಷ್ಯದ ಮಳೆಯಲ್ಲಿ ಕಾಡಿನ ನಡುವೆ ತಂತಿಯನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯ ಸಾಹಸವಲ್ಲ. ಪೆಟ್ರೋಲನ್ನು ಡಬ್ಬಿಯಲ್ಲಿ ತಂದಿಡಬಹುದು. ವಿದ್ಯುತ್ತನ್ನು ಹಾಗೆ ತಂದಿಡಲಾಗದು. ಗಾಡಿಯು ಹೆಚ್ಚಾಗಿ ಬೇಕಾದ ವಾರಗಳಲ್ಲಿಯೇ ಅದಕ್ಕೆ ಆಹಾರವಿಲ್ಲದೆ ಹೋಗುವುದೆಂಬುದು ಮಲೆನಾಡಿನಲ್ಲಿ ಈ ವಾಹನದ ದೊಡ್ಡ ಕೊರತೆ.

ದಾರಿಯ ಕೊರತೆ ಇದರ ಜೊತೆಗೆ ಸೇರುವುದು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಗೆ ಅಡ್ಡವಾಗಿರುವ ಹೆಬ್ಬಾಳೆಯ ಸೇತುವೆ ತಗ್ಗಿನದು. ಮಳೆ ಬಲವಾದ ವರ್ಷಗಳಲ್ಲಿ, ೨೦೧೯ರಲ್ಲಿಯೂ ೨೦೨೪ರಲ್ಲಿಯೂ ಆದಂತೆ, ನದಿಯು ಅದರ ಮೇಲೆ ಹರಿದು ಆಚೆಯವರನ್ನು ಆಚೆಯೂ ಈಚೆಯವರನ್ನು ಈಚೆಯೂ ನಿಲ್ಲಿಸಿತು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ಘಟ್ಟ ಕುಸಿದು ಭಾರಿಯ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತು. ಮೂಡಿಗೆರೆಯ ಸೀಮೆಯ ಮಲೆಮನೆಯಂಥ ಊರುಗಳಲ್ಲಿ ಗುಡ್ಡವೇ ಜಾರಿ ಮನೆಗಳು ಹೋದುವು. ಯಂತ್ರವು ಎಷ್ಟು ಉತ್ತಮವಾದರೂ ಮುಳುಗಿದ ಸೇತುವೆಯ ಮುಂದೆ ಅದು ಹೇರೆತ್ತಿಗಿಂತ ಮೇಲಲ್ಲ.

೯

ಇಷ್ಟನ್ನು ನೋಡಿದ ಮೇಲೆ ನಿರ್ಣಯಿಸಬಹುದಾದದ್ದು ಇದು. ಈ ಮಲೆಗಳಲ್ಲಿ ದಾರಿಗಳೂ ಶಕ್ತಿಯೂ ಮೊದಲು ಸರಕಿಗೆ ದೊರೆತುವು. ಉಪ್ಪಿಗೆ, ಕಾಫಿಗೆ, ಅದಿರಿಗೆ. ದುಡಿಯುವವನು ಸರಕು ಬಿಟ್ಟ ದಾರಿಯಲ್ಲಿ, ಸರಕಿಗೆ ಬೇಡವಾದ ಋತುವಿನಲ್ಲಿ ನಡೆದನು. ವಿದ್ಯುತ್ತಿನ ಬೈಕು ಒಬ್ಬ ಮನುಷ್ಯನ ಅಳತೆಗೆ ಆದ ವಾಹನ. ಅದರ ಆಹಾರವು ಪೇಟೆಯ ಅಂಗಡಿಗೆ ಹೋಗದೆಯೇ ಮನೆಯ ಗೋಡೆಗೆ ಬರುವುದು. ಅದರ ಖರ್ಚು ದಿನಗೂಲಿಯನ್ನು ನುಂಗುವಂಥದಲ್ಲ. ನೂರು ವರ್ಷಗಳ ಕಾಲ ಬೈಸಿಕಲ್ಲನ್ನು ಸೋಲಿಸಿದ ಏರನ್ನು ಅದು ಗೆದ್ದಿರುವುದು ಸುಳ್ಳಲ್ಲ. ಆದರೆ ಲೈನಿನ ಮನೆಗೆ ಭದ್ರವಾದ ವಿದ್ಯುತ್ ತಂತಿಯೂ, ಕೆಲಸದ ಸ್ಥಳದಲ್ಲಿ ಒಂದು ಪ್ಲಗ್ಗೂ, ಹಳ್ಳಕ್ಕೆ ಎತ್ತರದ ಸೇತುವೆಯೂ ಇಲ್ಲದಿದ್ದರೆ ಆ ಗೆಲುವು ಬೇಸಗೆಯ ಗೆಲುವಾಗಿಯೇ ಉಳಿಯುವುದು. ಮೊದಲ ಬೆಲೆಯನ್ನು ತೆರಲಾರದ ಆಳಿಗೆ ಅದು ಬೇಸಗೆಯಲ್ಲಿಯೂ ದೂರವೇ. ಬಸ್ಸಿನ ಜಾಗವನ್ನು ಅದು ತುಂಬಲಾರದು. ಕೊಪ್ಪದ ಕಾರ್ಮಿಕರು ಮೂರು ದಶಕ ನಡೆಸಿದ ಕೆಲಸವು ಒಬ್ಬೊಬ್ಬರು ಒಂದೊಂದು ಗಾಡಿಯನ್ನು ಕೊಂಡುಕೊಂಡ ಮಾತ್ರಕ್ಕೆ ಆಗುವಂಥದಲ್ಲ.

ಕಳಸದ ಸುತ್ತಿನ ಹಳ್ಳಿಗಳಲ್ಲಿ ಆಷಾಢದ ಬೆಳಗು ಈಗಲೂ ಹಿಂದಿನಂತೆಯೇ ಕವಿದುಕೊಂಡು ಬರುವುದು. ಕಂಬಳಿಕೊಪ್ಪೆಯ ಜಾಗದಲ್ಲಿ ಪ್ಲಾಸ್ಟಿಕ್ಕಿನ ಅಂಗಿ ಬಂದಿದೆ; ಹಲವೆಡೆ ಸಂಕದ ಜಾಗದಲ್ಲಿ ಸಿಮೆಂಟಿನ ಹಾಸು ಬಂದಿದೆ. ಗಾಡಿ ಯಾವುದೇ ಇರಲಿ, ಹೊರಡುವವನು ಜಗಲಿಯ ತುದಿಯಲ್ಲಿ ನಿಂತು ಮೊದಲು ಕೇಳುವುದು ಒಂದೇ ಮಾತು: ಹೊಳೆ ಎಷ್ಟು ಬಂದಿದೆ? ಆ ಪ್ರಶ್ನೆಗೆ ಹೆದರಿಕೆಯಿಲ್ಲದ ಉತ್ತರ ದೊರೆಯುವ ದಿನ ಕಾಫಿಯ ಮಲೆಗಳ ದಾರಿಯ ಚರಿತ್ರೆಯಲ್ಲಿ ಮನುಷ್ಯನ ಅಧ್ಯಾಯವು ಆರಂಭವಾಯಿತೆಂದು ಬರೆಯಬಹುದು.